ಬದಲಿ ಗಂಡು

ಗಿರೀಶನ ಮದುವೆಯ ಹಿಂದಿನ ರಾತ್ರಿ. ಶಿವಮೊಗ್ಗದ ಒಂದು ಛತ್ರ. ವರಪೂಜೆ ಮುಗಿದಿತ್ತು, ಊಟ ಮುಗಿದಿತ್ತು, ಹಿರಿಯರೆಲ್ಲ ಜಮಖಾನದ ಮೇಲೆ ಸಾಲಾಗಿ ಗೊರಕೆ ಹೊಡೆಯುತ್ತಿದ್ದರು. ಗಂಡಿನ ಗೆಳೆಯರು ಎಂಬ ಒಂದೇ ತಪ್ಪಿಗೆ ನಮಗೆ ಸಿಕ್ಕಿದ್ದು ಉಗ್ರಾಣದ ಪಕ್ಕದ ಕೋಣೆ ಮತ್ತು 600 ತಾಂಬೂಲದ ಚೀಲ. ಚೀಲಕ್ಕೆ ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದು ಅಡಿಕೆ ಪೊಟ್ಟಣ. ಮಂಜ ಕಾಯಿ ಹಾಕುವವನು, ಶೆಟ್ಟಿ ಎಲೆ ಒರೆಸುವವನು, ಬಸು ಅಡಿಕೆ. ನಾನು ಲೆಕ್ಕ ಬರೆಯುವವನು. ಅಂದರೆ ಕೆಲಸ ಇಲ್ಲದವನು.

ನೂರು ಚೀಲ ಮುಗಿಯುವಷ್ಟರಲ್ಲಿ ಶೆಟ್ಟಿಗೆ ಒಂದು ಯೋಚನೆ ಬಂತು.

"ಅಲ್ಲ ಮಾರಾಯ, ನಾಳೆ ಬೆಳಿಗ್ಗೆ ಗಿರೀಶ ಓಡಿಹೋದರೆ ಏನು ಗತಿ?"

"ಏನು ಗತಿ ಅಂದ್ರೆ? ಛತ್ರದಲ್ಲಿರೋ ಯಾರಾದರೂ ಒಬ್ಬ ಮದುವೆಯಾಗದ ಹುಡುಗನಿಗೆ ಪಂಚೆ ಉಡಿಸಿ ಕೂರಿಸುತ್ತಾರೆ. ಹಳೇ ಕಾಲದಲ್ಲಿ ಹಾಗೇ ತಾನೇ ಮಾಡ್ತಿದ್ದದ್ದು?" ಎಂದ ಬಸು.

ನಮ್ಮಲ್ಲಿ ಮದುವೆಯಾಗದವನು ಶೆಟ್ಟಿ ಒಬ್ಬನೇ. ಅವನು ಎಲೆ ಒರೆಸುವುದನ್ನು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ ಕೂತ.

"ರಾಶ್‌ಫೋರ್ಡ್!" ಎಂದು ಮಂಜ ಕಾಯಿ ಎತ್ತಿ ಹಿಡಿದ. "ಅದೇ ಕಣ್ರೋ ರಾಶ್‌ಫೋರ್ಡ್ ಕಥೆ!"

ಮಂಡ್ಯದ ಮಂಜ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಭಕ್ತ. ಯಾವ ಮಾತು ತೆಗೆದರೂ ಅದು ಅವರ ಓಲ್ಡ್ ಟ್ರ್ಯಾಫರ್ಡ್ ಮೈದಾನಕ್ಕೆ ಹೋಗಿಯೇ ಮುಟ್ಟುತ್ತದೆ. ಒಮ್ಮೆ ಯಾರದೋ ತಿಥಿ ಊಟದಲ್ಲಿ ವಡೆ ಆರಿದೆ ಎಂದಿದ್ದಕ್ಕೆ ಅಲ್ಲಿಂದಲೂ ಹೋಗಿದ್ದ. ನಾನು ಅದರ ಎದುರಾಳಿ ಕ್ಲಬ್ ಆರ್ಸೆನಲ್ ಕಡೆಯವನು. ಹಾಗಾಗಿ ಈ ಕಥೆ ಶುರುವಾದರೆ ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ. ಕಾರಣ ಮುಂದೆ ಬರುತ್ತದೆ.

"ಅದ್ಯಾರಪ್ಪ, ಶರ್ಟಿನ ಕಂಪನಿಯಾ?" ಎಂದ ಬಸು. ಧಾರವಾಡದ ಬಸುವಿಗೆ ಕ್ರಿಕೆಟ್ ಬಿಟ್ಟರೆ ಉಳಿದದ್ದೆಲ್ಲ ವ್ಯಾಯಾಮ.

"ಮಾರ್ಕಸ್ ರಾಶ್‌ಫೋರ್ಡ್! 2016, ಫೆಬ್ರವರಿ 25. ಯುರೋಪಾ ಲೀಗ್ ಅಂತ ಯುರೋಪಿನ ಕ್ಲಬ್ಬುಗಳ ಕಪ್ಪಿನ ಪಂದ್ಯ. ಎದುರಾಳಿ ಡೆನ್ಮಾರ್ಕಿನ ಮಿಡ್ಟ್ಯುಲಂಡ್."

"ಏನ್ ಲಂಡ್?"

"ಹೆಸರು ಬಿಡು. ಅವರ ಊರಿನಲ್ಲಿ ಆಡಿದ ಮೊದಲ ಪಂದ್ಯ ಯುನೈಟೆಡ್ 2-1ರಲ್ಲಿ ಸೋತಿತ್ತು. ಮರ್ಯಾದೆ ಹೋಗುವ ಹೊತ್ತು. ನಮ್ಮ ಕಡೆ ಪೂರ್ತಿ ಆಸ್ಪತ್ರೆ. ಗೋಲ್ ಹೊಡೆಯುವ ರೂನಿ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ. ವಿಲ್ ಕೀನ್ ಅಂತ ಇನ್ನೊಬ್ಬ ಹುಡುಗ ಮೂರು ದಿನ ಮುಂಚೆ ಬದಲಿಯಾಗಿ ಇಳಿದು, ಅದೇ ಪಂದ್ಯದಲ್ಲಿ ಗಾಯ ಮಾಡಿಕೊಂಡ. ಉಳಿದದ್ದು ಆಂಥೋನಿ ಮಾರ್ಸಿಯಾಲ್. ಹೆಸರು ಪಟ್ಟಿಯಲ್ಲಿತ್ತು, ಲಗ್ನಪತ್ರಿಕೆ ಹಂಚಿ ಆಗಿತ್ತು ಅಂದುಕೋ. ಪಂದ್ಯಕ್ಕೆ ಮುಂಚೆ ವಾರ್ಮಪ್ ಮಾಡುವಾಗ ಅವನಿಗೆ ತೊಡೆಯ ಹಿಂದೆ ಹಿಡಿದುಕೊಂಡಿತು!"

"ಅಯ್ಯೋ ಪಾಪ."

"ಇನ್ನೊಂದು ಕೇಳು. ಅದರ ಹಿಂದಿನ ವಾರ ಇದೇ ತಂಡದ ಮೇಲೆ, ಇದೇ ವಾರ್ಮಪ್‌ನಲ್ಲಿ ಗೋಲ್‌ಕೀಪರ್ ಡೇವಿಡ್ ಡಿ ಗೆಯಾ ಮೊಣಕಾಲು ನೋಯಿಸಿಕೊಂಡು ಆಡಿರಲಿಲ್ಲ."

"ಅದು ವಾರ್ಮಪ್ಪಾ, ವಾಮಾಚಾರವಾ?" ಎಂದ ಶೆಟ್ಟಿ. "ಡೆನ್ಮಾರ್ಕಿನವರು ನಿಂಬೆಹಣ್ಣು ಏನಾದರೂ ತಂದಿದ್ದರಾ ನೋಡಬೇಕಿತ್ತು."

"ಹಾಗೆ ಆ ರಾತ್ರಿ, ಬೆಂಚಿನ ತುದಿಯಲ್ಲಿ ಕೂತಿದ್ದ ಹದಿನೆಂಟರ ಹುಡುಗನನ್ನು ಕೋಚ್ ವಾನ್ ಗಾಲ್ ಮುಂದಕ್ಕೆ ತಳ್ಳಿದರು. ಶರ್ಟ್ ನಂಬರ್ 39. ಆ ನಂಬರ್ ನೋಡಿದರೇ ಗೊತ್ತಾಗುತ್ತೆ, ಕ್ಲಬ್ಬಿಗೆ ಅವನನ್ನು ಆಡಿಸುವ ಅವಸರ ಏನೂ ಇರಲಿಲ್ಲ ಅಂತ."

"ವೇಟಿಂಗ್ ಲಿಸ್ಟ್ 39," ಎಂದ ಬಸು. "ಅಷ್ಟಿದ್ದರೆ ನಮ್ಮ ಕಡೆ ಟಿಕೆಟ್ ಕ್ಯಾನ್ಸಲ್ ಮಾಡ್ತಾರೆ."

"ಇವನದು ಕನ್ಫರ್ಮ್ ಆಯಿತು. 64ನೇ ನಿಮಿಷ ಒಂದು ಗೋಲ್. 75ನೇ ನಿಮಿಷ ಇನ್ನೊಂದು. ಯುನೈಟೆಡ್ 5-1. ಯುರೋಪಿನ ಟೂರ್ನಿಯಲ್ಲಿ ಕ್ಲಬ್ಬಿಗೆ ಗೋಲ್ ಹೊಡೆದವರಲ್ಲಿ ಅತಿ ಚಿಕ್ಕವನು. ಅಲ್ಲಿಯವರೆಗೆ ಆ ದಾಖಲೆ ಯಾರದಿತ್ತು ಗೊತ್ತಾ? ಜಾರ್ಜ್ ಬೆಸ್ಟ್‌ದು!"

ಮಂಜ ಇದನ್ನು ಹೇಳುವಾಗ ಕಣ್ಣು ಒದ್ದೆಯಾಗುತ್ತದೆ. ಆ ಪಂದ್ಯ ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆ ದಾಟಿದ ಮೇಲೆ ಶುರುವಾಗಿತ್ತು. ಇವನು ಪಿಜಿಯಲ್ಲಿ ಕಂಬಳಿಯೊಳಗೆ ಮೊಬೈಲ್ ಹಿಡಿದು ನೋಡುತ್ತಿದ್ದ. ಎರಡನೇ ಗೋಲಿಗೆ ಎದ್ದು ಕಿರುಚಿದ. ಪಕ್ಕದ ಮಂಚದವನು ಭೂಕಂಪ ಎಂದುಕೊಂಡು ಲುಂಗಿಯಲ್ಲೇ ಬೀದಿಗೆ ಓಡಿದ. ಆ ಮನುಷ್ಯ ಇವತ್ತಿಗೂ ಮಂಜನ ಜೊತೆ ಮಾತಾಡುವುದಿಲ್ಲ.

"ಇದರಲ್ಲಿ ಅವನದೇನಿದೆ?" ಎಂದು ಬಸು ಅಡಿಕೆ ಪೊಟ್ಟಣ ಎಸೆದ. "ಒಬ್ಬನ ಕಾಲು ಹಿಡಿದುಕೊಂಡಿತು, ಇನ್ನೊಬ್ಬನಿಗೆ ಬಾಗಿಲು ತೆರೆಯಿತು. ಪೂರಾ ಅದೃಷ್ಟ."

"ಅದೃಷ್ಟ ಅಲ್ಲ," ಎಂದ ಶೆಟ್ಟಿ. ಅವನ ಮುಖ ಗಂಭೀರವಾಯಿತು. ಯಕ್ಷಗಾನ ಬರುತ್ತಿದೆ ಎಂದು ನಮಗೆ ಗೊತ್ತಾಯಿತು. ಕುಂದಾಪುರದವನ ಬಾಯಿಯಲ್ಲಿ ಚೆಂಡಾಟವೂ ಕೊನೆಗೆ ಆಟವೇ.

"ನೋಡು, ಮೇಳಕ್ಕೆ ಸೇರಿದ ಹುಡುಗ ಮೊದಲ ದಿನ ಅಭಿಮನ್ಯು ಆಗುವುದಿಲ್ಲ. ಮೊದಲು ಕೋಡಂಗಿ ಕುಣಿಯಬೇಕು. ಆಮೇಲೆ ಬಾಲಗೋಪಾಲ. ಆ ವೇಷಗಳು ಬರುವ ಹೊತ್ತಿಗೆ ಜನ ಇನ್ನೂ ಕಡಲೆ ಕೊಳ್ಳುತ್ತಿರುತ್ತಾರೆ, ಯಾರೂ ನೋಡುವುದಿಲ್ಲ. ಕುಣಿದು ಬಂದು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಮೂಲೆಯಲ್ಲಿ ಕೂತು ದೊಡ್ಡವರ ಬಣ್ಣ ನೋಡಬೇಕು. ಪ್ರಸಂಗ ಪೂರ್ತಿ ಬಾಯಿಪಾಠ ಆಗಿರಬೇಕು. ಒಂದು ರಾತ್ರಿ ಅಭಿಮನ್ಯುವಿನಂಥ ಪುಂಡುವೇಷದವನಿಗೆ ಜ್ವರ ಬರುತ್ತದೆ. ಭಾಗವತರು ಮೂಲೆ ಕಡೆ ನೋಡುತ್ತಾರೆ. ಆ ಕ್ಷಣಕ್ಕೆ ಹುಡುಗನಿಗೆ ಪದ್ಯ ಗೊತ್ತಿರದಿದ್ದರೆ ಜ್ವರ ಬಂದು ಏನು ಪ್ರಯೋಜನ?"

ನಾವು ಮೂವರೂ ಸುಮ್ಮನಾದೆವು. ಶೆಟ್ಟಿ ವರ್ಷಕ್ಕೊಮ್ಮೆ ಇಂಥ ಮಾತು ಆಡುತ್ತಾನೆ. ಉಳಿದ 364 ದಿನ ಕೋಡಂಗಿಯೇ.

"ಅದೇ ನಾನು ಹೇಳಿದ್ದು," ಎಂದ ಮಂಜ, ಅವನು ಹೇಳಿರದಿದ್ದರೂ. "ರಾಶ್‌ಫೋರ್ಡ್ ಮ್ಯಾಂಚೆಸ್ಟರಿನ ವಿಥೆನ್‌ಷಾ ಕಡೆಯ ಹುಡುಗ. ಫ್ಲೆಚರ್ ಮಾಸ್ ರೇಂಜರ್ಸ್ ಅಂತ ಒಂದು ಪುಟ್ಟ ಕ್ಲಬ್ಬಿನಲ್ಲಿ ಆಡುತ್ತಿದ್ದ. ಏಳನೇ ವರ್ಷಕ್ಕೆ ಯುನೈಟೆಡ್ ಅಕಾಡೆಮಿ. ಐದು ಮಕ್ಕಳನ್ನು ತಾಯಿ ಒಬ್ಬಳೇ ಸಾಕಿದ್ದು, ಎರಡು ಮೂರು ಕಡೆ ಕೆಲಸ ಮಾಡಿ. ಕ್ಲಬ್ ಗೊತ್ತುಮಾಡಿದ ಮನೆಯಲ್ಲಿ ಉಳಿದು ಓದು, ಆಟ ಎರಡೂ ಮಾಡುವ ಒಂದು ವ್ಯವಸ್ಥೆ ಇತ್ತು. ಅದಕ್ಕೆ ಇಷ್ಟು ಸಣ್ಣವರನ್ನು ತಗೊಳ್ಳುತ್ತಿರಲಿಲ್ಲ. ತಾಯಿ ಪಟ್ಟು ಹಿಡಿದಳು. ಅಲ್ಲಿದ್ದರೆ ಮಗ ಹೊತ್ತು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ ಅಂತ. ಹನ್ನೊಂದನೇ ವರ್ಷಕ್ಕೇ ಸೇರಿಸಿಕೊಂಡರು, ಅಲ್ಲಿಗೆ ಸೇರಿದವರಲ್ಲೇ ಚಿಕ್ಕವನು."

"ಊಟಕ್ಕೆ ಅಂತ ಕಳಿಸಿದಳಾ?" ಬಾಗಿಲಲ್ಲಿ ಯಾರೋ ಕೇಳಿದರು.

ಅಡಿಗೆ ಭಟ್ಟರು. ಬೆಳಗಿನ ತಿಂಡಿಗೆ ಕಾಯಿ ತಗೊಂಡು ಹೋಗಲು ಬಂದವರು ಅಲ್ಲೇ ನಿಂತಿದ್ದರು. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಹೌದು ಭಟ್ಟರೇ. ಆ ಹುಡುಗ ಶಾಲೆಯ ಪುಕ್ಕಟೆ ಊಟದಲ್ಲಿ ಬೆಳೆದವನು. ಅದನ್ನು ಮರೆಯಲಿಲ್ಲ. 2020ರಲ್ಲಿ ಕೊರೊನಾ ಬಂದಾಗ, ಬೇಸಿಗೆ ರಜದಲ್ಲೂ ಬಡ ಮಕ್ಕಳಿಗೆ ಊಟದ ಚೀಟಿ ಕೊಡಿ ಅಂತ ಸಂಸದರಿಗೆಲ್ಲ ಬಹಿರಂಗ ಪತ್ರ ಬರೆದ. ಮೊದಲು ಆಗಲ್ಲ ಅಂದ ಸರ್ಕಾರ ಮರುದಿನವೇ ಒಪ್ಪಿಕೊಂಡಿತು. ಆಗ ಅವನಿಗೆ 22 ವರ್ಷ."

"ಅಂಥವನಿಗೆ ಎರಡು ಹೋಳಿಗೆ ಜಾಸ್ತಿ ಬಡಿಸಬಹುದು," ಎಂದರು ಭಟ್ಟರು. ಅವರ ಬಾಯಿಂದ ಅದು ಪದ್ಮಶ್ರೀ. ಮಂಜನಿಗೆ ಮಧ್ಯಾಹ್ನ ಎರಡನೇ ಹೋಳಿಗೆಗೇ ಅವರು ಕೈ ಬಿಗಿ ಹಿಡಿದಿದ್ದರು.

ಬಸು ಮಾತ್ರ ಸೋಲಲು ತಯಾರಿರಲಿಲ್ಲ. "ಒಂದು ದಿನ ಯಾರು ಬೇಕಾದರೂ ಹೊಡೆಯಬಹುದು. ಮರುದಿನ ಕೂರಿಸುತ್ತಾರಲ್ಲ, ಅಲ್ಲಿದೆ ಕಥೆ. ನಮ್ಮ ಕರುಣ್ ನಾಯರ್ ನೋಡು. ಅದೇ 2016, ಡಿಸೆಂಬರ್. ಚೆನ್ನೈನಲ್ಲಿ ಇಂಗ್ಲೆಂಡ್ ಮೇಲೆ 303 ನಾಟೌಟ್. ಮೂರನೇ ಟೆಸ್ಟಿನಲ್ಲೇ ತ್ರಿಶತಕ! ಮುಂದಿನ ಟೆಸ್ಟಿಗೆ ರಹಾನೆ ಗಾಯದಿಂದ ವಾಪಸ್ ಬಂದರು, ಇವನನ್ನು ಕೂರಿಸಿದರು. ಗಂಡು ಸಿಕ್ಕ ತಕ್ಷಣ ಬದಲಿ ಗಂಡನ್ನು ಮಂಟಪದಿಂದ ಎಬ್ಬಿಸಿದ ಹಾಗೆ."

ಇದಕ್ಕೆ ನಾವ್ಯಾರೂ ಎದುರು ಆಡಲಿಲ್ಲ. ಕರ್ನಾಟಕದಲ್ಲಿ ಕೆಲವು ನೋವುಗಳಿಗೆ ಪಕ್ಷಭೇದ ಇಲ್ಲ. ಭಟ್ಟರು ಕೂಡ ಒಂದು ನಿಮಿಷ ಕಾಯಿ ಕೆಳಗಿಟ್ಟರು.

"ರಾಶ್‌ಫೋರ್ಡ್‌ಗೂ ಹಾಗೇ ಆಗಬೇಕಿತ್ತು," ಎಂದ ಮಂಜ. "ಆದರೆ ಗುರುವಾರ ಆಡಿದ, ಭಾನುವಾರಕ್ಕೆ ಮಾರ್ಸಿಯಾಲ್ ವಾಸಿಯಾಗಿರಲಿಲ್ಲ. ಫೆಬ್ರವರಿ 28. ಪ್ರೀಮಿಯರ್ ಲೀಗ್. ಎದುರಾಳಿ..." ಎಂದು ನನ್ನ ಕಡೆ ತಿರುಗಿ ಹಲ್ಲು ಬಿಟ್ಟ.

ಬಂತು ನೋಡಿ, ನನ್ನ ಹೊಟ್ಟೆ ಕಿವುಚುವ ಭಾಗ.

ಆ ಭಾನುವಾರ ಸಂಜೆ ಏಳೂವರೆಗೆ ನಾನು ಟಿವಿ ಮುಂದೆ ಕೂತಾಗ ಆರ್ಸೆನಲ್ ಗೆಲ್ಲುತ್ತದೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಎದುರಿಗೆ ಹೆಸರೇ ಕೇಳದ ಹುಡುಗರು. 29ನೇ ನಿಮಿಷಕ್ಕೆ ರಾಶ್‌ಫೋರ್ಡ್ ಗೋಲ್. ಹೋಗಲಿ ಎಂದು ಚಕ್ಕುಲಿ ಮುರಿದೆ. ಅದನ್ನು ಬಾಯಿಗೆ ಹಾಕಿ ಅಗಿದು ನುಂಗುವಷ್ಟರಲ್ಲಿ 32ನೇ ನಿಮಿಷ, ಅದೇ ಹುಡುಗ, ಈ ಸಲ ತಲೆಯಲ್ಲಿ. ಮೂರನೆಯದನ್ನು ತಾನು ಹೊಡೆಯದೆ ತನ್ನ ತಂಡದ ಎರೆರಾಗೆ ಚೆಂಡು ಕೊಟ್ಟು ಹೊಡೆಸಿದ. 3-2. ನಮ್ಮ ಎರಡರಲ್ಲಿ ಒಂದು ಡ್ಯಾನಿ ವೆಲ್‌ಬೆಕ್‌ದು. ಅವನೂ ಮ್ಯಾಂಚೆಸ್ಟರಿನವನೇ, ಅವನೂ ಯುನೈಟೆಡ್‌ನಲ್ಲೇ ಬೆಳೆದು ಆಮೇಲೆ ಬಿಟ್ಟು ಬಂದವನೇ, ಅವನೂ ಚಿಕ್ಕಂದಿನಲ್ಲಿ ಆಡಿದ್ದು ಅದೇ ಫ್ಲೆಚರ್ ಮಾಸ್ ರೇಂಜರ್ಸ್‌ಗೆ! ಅಂದರೆ ಆ ದಿನದ ಐದು ಗೋಲಿನಲ್ಲಿ ಮೂರನ್ನು ಆ ಗಲ್ಲಿ ಕ್ಲಬ್ಬೇ ಹೊಡೆಯಿತು. ಎರಡು ದೊಡ್ಡ ಕ್ಲಬ್ಬುಗಳು ಸೇರಿ ಹೊಡೆದದ್ದು ಎರಡು.

"ಅದೇ ಪಂದ್ಯದಲ್ಲಿ ವಾನ್ ಗಾಲ್ ಬಿದ್ದದ್ದು ಹೇಳು, ಬಿದ್ದದ್ದು ಹೇಳು," ಎಂದು ಶೆಟ್ಟಿ ಅವಸರ ಮಾಡಿದ. ಅವನಿಗೆ ಫುಟ್‌ಬಾಲ್ ಗೊತ್ತಿಲ್ಲ, ಈ ಭಾಗ ಮಾತ್ರ ಗೊತ್ತು.

ಮಂಜ ಎದ್ದು ನಿಂತ. ಇದು ಹೇಳಿ ಮುಗಿಸುವಂಥದ್ದಲ್ಲ, ಆಡಿ ತೋರಿಸುವಂಥದ್ದು.

"ವಾನ್ ಗಾಲ್‌ಗೆ ಆಗ 64 ವರ್ಷ. ಹಾಲೆಂಡಿನ ಮನುಷ್ಯ. ಬಿಗಿ ಮುಖ. ಪಂದ್ಯದುದ್ದಕ್ಕೂ ಕೂತು ಬರೆಯುತ್ತಿರುತ್ತಾರೆ, ಛತ್ರದಲ್ಲಿ ಮುಯ್ಯಿ ಬರೆಯುವವರ ಹಾಗೆ. ಆ ದಿನ ಆರ್ಸೆನಲ್‌ನವರು ಸುಮ್ನೆ ಬೀಳುತ್ತಿದ್ದಾರೆ ಅಂತ ಅವರಿಗೆ ಸಿಟ್ಟು. ಗೆರೆ ಪಕ್ಕ ನಿಂತಿದ್ದ ನಾಲ್ಕನೇ ರೆಫರಿ ಮೈಕ್ ಡೀನ್ ಹತ್ತಿರ ಹೋದರು. ಹೇಗೆ ಬಿದ್ದ ಗೊತ್ತಾ, ಹೀಗೆ ಬಿದ್ದ ಅಂತ..."

ಎನ್ನುತ್ತಾ ಮಂಜ ತೋರಿಸಿಯೇ ಬಿಟ್ಟ. ಕೋಟು ಟೈ ಹಾಕಿದ್ದ ವಾನ್ ಗಾಲ್ ಮರ ಬಿದ್ದ ಹಾಗೆ ಹುಲ್ಲಿನ ಮೇಲೆ ಬಿದ್ದಿದ್ದರು. ಮಂಜ ಬಿದ್ದದ್ದು ತೆಂಗಿನಕಾಯಿ ರಾಶಿಯ ಮೇಲೆ.

ಆ ಸದ್ದಿಗೆ ಜಮಖಾನದ ಗೊರಕೆಗಳಲ್ಲಿ ಎರಡು ನಿಂತವು. ಕಾಯಿಗಳು ಕೋಣೆಯಿಂದ ಹೊರಗೆ, ಓಣಿಯುದ್ದಕ್ಕೂ ಉರುಳಿದವು. ನಾವು ಹಿಡಿಯಲು ಓಡಿದೆವು. ಬಸು ಒಂದನ್ನು ಕಾಲಲ್ಲಿ ತಡೆಯಲು ಹೋಗಿ ಇನ್ನೂ ದೂರ ಒದ್ದ. ಜೀವನದಲ್ಲಿ ಅವನು ಆಡಿದ ಒಂದೇ ಫುಟ್‌ಬಾಲ್ ಅದು. "ವ್ಯಾಯಾಮವೇ ಇದು," ಎಂದು ಹೆಬ್ಬೆರಳು ಹಿಡಿದುಕೊಂಡು ಕೂತ.

"ವಾನ್ ಗಾಲ್ ಪಂದ್ಯ ಮುಗಿದ ಮೇಲೆ ಕ್ಷಮೆ ಕೇಳಿದ್ದರು," ಎಂದು ನೆನಪಿಸಿದೆ. ಮಂಜ ಸೊಂಟ ತಿಕ್ಕಿಕೊಳ್ಳುತ್ತಾ ಕಾಯಿಗಳ ಕ್ಷಮೆ ಕೇಳಿದ.

ಆಮೇಲಿನದನ್ನು ಅವನು ಮಲಗಿಕೊಂಡೇ ಹೇಳಿದ. ಮಾರ್ಚ್ 20ಕ್ಕೆ ಮ್ಯಾಂಚೆಸ್ಟರ್ ಸಿಟಿ ವಿರುದ್ಧ, ಅವರದೇ ಮೈದಾನದಲ್ಲಿ. ಪಂದ್ಯದ ಒಂದೇ ಗೋಲ್ ರಾಶ್‌ಫೋರ್ಡ್‌ದು. ಮೇ 27ಕ್ಕೆ ಇಂಗ್ಲೆಂಡ್ ಪರ ಮೊದಲ ಪಂದ್ಯ, ಆಸ್ಟ್ರೇಲಿಯಾ ಮೇಲೆ. ಮೂರನೇ ನಿಮಿಷಕ್ಕೆ ಗೋಲ್.

"ಮೂರನೇ ನಿಮಿಷಕ್ಕಾ?" ಎಂದ ಬಸು. "ಅಷ್ಟು ಹೊತ್ತಿಗೆ ನಾನು ಇನ್ನೂ ಸೀಟ್ ಹುಡುಕುತ್ತಿರುತ್ತೇನೆ."

"ಅಲ್ಲಿಗೇ ನಿಲ್ಲಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಲೀಗ್ ಕಪ್ಪಿನ ಮೊದಲ ಪಂದ್ಯ, ಗೋಲ್. 21ರ ಒಳಗಿನವರ ತಂಡಕ್ಕೆ ಮೊದಲ ಪಂದ್ಯ, ನಾರ್ವೆ ಮೇಲೆ ಮೂರು ಗೋಲ್. ಮರುವರ್ಷ ಚಾಂಪಿಯನ್ಸ್ ಲೀಗ್ ಮೊದಲ ಪಂದ್ಯ, ಅಲ್ಲೂ ಗೋಲ್."

"ಪ್ರತಿಯೊಂದು ಮನೆಗೂ ಮೊದಲ ಸಲ ಹೋದಾಗ ಸಿಹಿ ತಿಂದೇ ಬರುವ ಅಳಿಯ," ಎಂದರು ಭಟ್ಟರು. ಅವರು ಇನ್ನೂ ಹೋಗಿರಲಿಲ್ಲ.

"ಹಾಗಾದರೆ ಎಲ್ಲರೂ ಹೀಗೇ ಆಗಬೇಕಿತ್ತಲ್ಲ?" ಎಂದು ನಾನು ಕೇಳಿದೆ. ಚಕ್ಕುಲಿ ನೆನಪು ಇನ್ನೂ ಆರಿರಲಿಲ್ಲ. "ಮಕೆಡಾ ಏನಾದ? ಜೇಮ್ಸ್ ವಿಲ್ಸನ್ ಏನಾದ?"

ಮಂಜ ಎದ್ದು ಕೂತ. ಯುನೈಟೆಡ್‌ನವರಿಗೆ ಇದು ಮುಚ್ಚಿಟ್ಟ ಕೋಣೆ. ಫೆಡೆರಿಕೊ ಮಕೆಡಾ ಇಟಲಿಯ ಹುಡುಗ. 2009ರ ಏಪ್ರಿಲ್ 5ರಂದು, ಹದಿನೇಳನೇ ವಯಸ್ಸಿನಲ್ಲಿ, ಮೊದಲ ಪಂದ್ಯಕ್ಕೆ ಬದಲಿಯಾಗಿ ಇಳಿದ. ಆಸ್ಟನ್ ವಿಲ್ಲಾ ಮೇಲೆ ಕೊನೇ ಗಳಿಗೆಯಲ್ಲಿ ಗೆಲುವಿನ ಗೋಲ್. ಮುಂದಿನ ಪಂದ್ಯದಲ್ಲೂ ಇಳಿದ ತಕ್ಷಣ ಗೋಲ್. ಓಲ್ಡ್ ಟ್ರ್ಯಾಫರ್ಡ್ ಹುಚ್ಚೆದ್ದಿತು. ಆಮೇಲೆ ಒಂದೊಂದು ವರ್ಷ ಒಂದೊಂದು ಊರು. ಸಾಲ ಕೊಟ್ಟ ಪಾತ್ರೆಯ ಹಾಗೆ ಮನೆ ಮನೆ ತಿರುಗಿದ. ಕೊನೆಗೆ ಗ್ರೀಸಿನಲ್ಲಿ ಒಂದಿಷ್ಟು ವರ್ಷ ನೆಮ್ಮದಿಯಾಗಿ ಆಡಿದ. ವಿಲ್ಸನ್ 2014ರ ಮೇ ತಿಂಗಳಲ್ಲಿ ಮೊದಲ ಪಂದ್ಯದಲ್ಲೇ ಹಲ್ ಮೇಲೆ ಎರಡು ಗೋಲ್ ಹೊಡೆದ, ರಾಶ್‌ಫೋರ್ಡ್ ಹೊಡೆದಷ್ಟೇ. ಆಮೇಲೆ ಕೆಳಗಿನ ಡಿವಿಷನ್ನುಗಳಿಗೆ ಇಳಿದ.

"ಅವರಿಗೂ ಪದ್ಯ ಬಾಯಿಪಾಠ ಇತ್ತಲ್ಲವಾ ಶೆಟ್ಟಿ?"

ಶೆಟ್ಟಿ ಎಲೆಯೊಂದನ್ನು ಎರಡು ಸಲ ಒರೆಸಿದ. "ಇತ್ತು. ಮೊದಲ ರಾತ್ರಿ ಕುಣಿಯುವುದು ಬೇರೆ ಮಾರಾಯ. ಜ್ವರ ಇಳಿದು ದೊಡ್ಡ ವೇಷದವನು ವಾಪಸ್ ಬರುತ್ತಾನಲ್ಲ, ಆಮೇಲೂ ಚೌಕಿಯಲ್ಲಿ ಕೂತಿರುವುದು ಬೇರೆ."

"ವಾಪಸ್ ಬರುವುದೇನು, ಇನ್ನೂ ದೊಡ್ಡವನನ್ನೇ ತಂದರು," ಎಂದ ಮಂಜ. "ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದ ಎರಡನೇ ದಿನ ವಾನ್ ಗಾಲ್ ಕೆಲಸ ಹೋಯಿತು. ಕಪ್ ಗೆದ್ದು ಕೆಲಸ ಕಳೆದುಕೊಳ್ಳುವುದು ಅಲ್ಲಿ ಮಾತ್ರ ಸಾಧ್ಯ. ಮೊರಿನ್ಯೊ ಬಂದರು. ಅವರು ಜ್ಲಾಟಾನ್ ಇಬ್ರಾಹಿಮೊವಿಚ್‌ನನ್ನು ಕರೆತಂದರು."

"ಅವನ್ಯಾರು?"

"ಬಣ್ಣದ ವೇಷ," ಎಂದು ನಾನು ಚುಟುಕಾಗಿ ಹೇಳಿದೆ. ಶೆಟ್ಟಿಗೆ ಪೂರ್ತಿ ಅರ್ಥವಾಯಿತು. ಬರುವಾಗಲೇ ರಂಗಸ್ಥಳ ನಡುಗಬೇಕು, ಅಂಥವನು.

"ಮುಂದಿನ ಸಾಲಿನ ನಡುವಿನ ಜಾಗ ಜ್ಲಾಟಾನ್‌ದು. ರಾಶ್‌ಫೋರ್ಡ್ ಕೆಲವು ಸಲ ಎಡಕ್ಕೆ, ಕೆಲವು ಸಲ ಬಲಕ್ಕೆ, ಎಷ್ಟೋ ಸಲ ಬೆಂಚಿಗೆ. ಹಲ್ ಮೇಲೆ ಬೆಂಚಿನಿಂದ ಎದ್ದು ಬಂದು ಕೊನೇ ಗಳಿಗೆಯಲ್ಲಿ ಗೋಲ್ ಹೊಡೆದು ಗೆಲ್ಲಿಸಿದ. ಮುಂದಿನ ಪಂದ್ಯಕ್ಕೂ ಮೊದಲ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ಆದರೆ ಆ ಸೀಸನ್ ಒಟ್ಟು 53 ಪಂದ್ಯದಲ್ಲಿ ಇಳಿದಿದ್ದಾನೆ. 11 ಗೋಲ್."

"53ಕ್ಕೆ 11. ಇದು ಕಮ್ಮಿ ಆಯಿತಲ್ಲ?" ಎಂದ ಬಸು. ಕ್ರಿಕೆಟಿನವರಿಗೆ ಸರಾಸರಿ ಕಣ್ಣಿಗೆ ಬೇಗ ಬೀಳುತ್ತದೆ. ಮೊದಲ ವರ್ಷ 18 ಪಂದ್ಯಕ್ಕೆ 8 ಗೋಲ್ ಇತ್ತು.

ನನ್ನ ಲೆಕ್ಕದಲ್ಲಿ, ಆರ್ಸೆನಲ್‌ನವನಾಗಿಯೂ ಹೇಳುತ್ತೇನೆ, ಅವನ ಒಳ್ಳೆಯ ವರ್ಷ ಈ ಎರಡನೆಯದೇ. ಮೊದಲನೆಯದನ್ನು ಎಲ್ಲರೂ ಹಾಡಿ ಹೊಗಳುತ್ತಾರೆ. ಎರಡನೆಯದರಲ್ಲಿ ಬಾಗಿಲು ಅರ್ಧ ಮುಚ್ಚಿತ್ತು. ಮಕೆಡಾ, ವಿಲ್ಸನ್ ಇಬ್ಬರೂ ಅಲ್ಲೇ ಹೊರಗೆ ಉಳಿದದ್ದು. ಇವನು ಸಿಕ್ಕಿದ ಮೂಲೆಯಲ್ಲಿ ನಿಂತು ಆಡಿದ. ಇದನ್ನು ಮಂಜನ ಎದುರು ಹೇಳಲಿಲ್ಲ. ಹೇಳಿದರೆ ಅವನು ನನ್ನನ್ನು ತಬ್ಬಿಕೊಳ್ಳುತ್ತಿದ್ದ, ಅವನ ಮೈಯೆಲ್ಲ ತೆಂಗಿನ ನಾರು.

"ಈಗ ಕೊನೇದು ಕೇಳಿ," ಎಂದ ಮಂಜ. "2017, ಏಪ್ರಿಲ್. ಮತ್ತೆ ಯುರೋಪಾ ಲೀಗ್. ಆಂಡರ್ಲೆಕ್ಟ್ ವಿರುದ್ಧ. ಜ್ಲಾಟಾನ್ ಹಾರಿ ಕೆಳಗಿಳಿಯುವಾಗ ಮೊಣಕಾಲು ತಿರುಚಿತು. ಸೀಸನ್ ಮುಗಿಯಿತು."

"ಮತ್ತೆ ಗಾಯವಾ?" ಎಂದರು ಭಟ್ಟರು.

"ಮತ್ತೆ ಗಾಯ. ಹೆಚ್ಚುವರಿ ಆಟದಲ್ಲಿ, 107ನೇ ನಿಮಿಷ ಗೆಲುವಿನ ಗೋಲ್ ಯಾರದು? ರಾಶ್‌ಫೋರ್ಡ್‌ದು. ಸೆಮಿಫೈನಲ್‌ನಲ್ಲಿ ಸೆಲ್ಟಾ ವೀಗೊ ಮೇಲೆ ಫ್ರೀ ಕಿಕ್, ಗೋಲ್. ಫೈನಲ್ ಸ್ಟಾಕ್‌ಹೋಮ್‌ನಲ್ಲಿ, ಆಯಾಕ್ಸ್ ಮೇಲೆ 2-0. ಯಾವ ಕಪ್ಪಿನಲ್ಲಿ ಬದಲಿಯಾಗಿ ಶುರು ಮಾಡಿದ್ದನೋ ಅದೇ ಕಪ್ ಎತ್ತಿದ. ಆ ಫೈನಲ್‌ನಲ್ಲಿ ಕೊನೆಗೆ ಇವನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಇಳಿಸಿದರು. ಯಾರನ್ನು ಹೇಳಿ?"

ಯಾರೂ ಹೇಳಲಿಲ್ಲ. ನನಗೆ ಗೊತ್ತಿತ್ತು, ಅವನ ಸುಖ ಕೆಡಿಸಲಿಲ್ಲ.

"ಮಾರ್ಸಿಯಾಲ್!"

"ಅಂದರೆ ಬದಲಿ ಗಂಡಿಗೆ ಹಳೇ ಗಂಡೇ ಬದಲಿ," ಎಂದ ಬಸು. ಮೊದಲ ಸಲ ಅವನ ಮುಖದಲ್ಲಿ ಫುಟ್‌ಬಾಲಿನ ಬಗ್ಗೆ ಒಂದಿಷ್ಟು ಗೌರವ ಕಂಡಿತು. "ಅಲ್ಲ, ಇಷ್ಟು ಜನರ ಕಾಲು ಮುರಿದು ಮೇಲೆ ಬಂದವನ ಜೊತೆ ಒಂದೇ ರೂಮಿನಲ್ಲಿ ಬಟ್ಟೆ ಬದಲಾಯಿಸಲು ಅವರಿಗೆ ಭಯ ಆಗುತ್ತಿರಲಿಲ್ಲವಾ?"

ಅಷ್ಟರಲ್ಲಿ ಹೊರಗೆ ಓಣಿಯಲ್ಲಿ "ಅಮ್ಮಾ!" ಎಂಬ ಕೂಗು.

ಓಡಿ ಹೋಗಿ ನೋಡಿದರೆ ಗಿರೀಶ. ನಿದ್ದೆ ಬಾರದೆ ನೀರು ಕುಡಿಯಲು ಎದ್ದು ಬಂದಿದ್ದನಂತೆ. ಬಸು ಒದ್ದ ಕಾಯಿ ಕತ್ತಲಲ್ಲಿ ಅವನ ಕಾಲಿಗೇ ಸಿಕ್ಕಿತ್ತು. ನೆಲದ ಮೇಲೆ ಕೂತು ಬಲಗಾಲಿನ ಹಿಮ್ಮಡಿ ಹಿಡಿದುಕೊಂಡಿದ್ದ. ಹಣೆಯಲ್ಲಿ ವರಪೂಜೆಯ ಕುಂಕುಮ ಹಾಗೇ ಇತ್ತು.

ಗಂಟೆ ಮೂರೂಕಾಲು. ಮುಹೂರ್ತ ಒಂಬತ್ತಕ್ಕೆ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಟ್ಟರೂ ನೋಡಿದರು. ಆಮೇಲೆ ಎಲ್ಲರ ಕತ್ತೂ ನಿಧಾನಕ್ಕೆ ಒಂದೇ ಕಡೆ ತಿರುಗಿತು.

"ಏನು ನೋಡ್ತಿದ್ದೀರಿ?" ಎಂದು ಗಿರೀಶ ಹಲ್ಲು ಕಚ್ಚಿಕೊಂಡು ಕೇಳಿದ. "ಬರೀ ಉಳುಕಿದೆ ಅಷ್ಟೇ. ಕುಂಟಿಕೊಂಡಾದರೂ ಸಪ್ತಪದಿ ತುಳೀತೀನಿ. ಯಾರೂ ಏನೂ ಯೋಚನೆ ಮಾಡಬೇಕಾಗಿಲ್ಲ. ಶೆಟ್ಟಿ ಎಲ್ಲಿ? ಅವನ ಹತ್ತಿರ ನೋವಿನ ಮುಲಾಮು ಇರುತ್ತೆ, ಕರೀರಿ."

ಶೆಟ್ಟಿ ಕೋಣೆಯ ಒಳಗೆ, ಕನ್ನಡಿ ಮುಂದೆ ನಿಂತಿದ್ದ. ಕೈಯಲ್ಲಿ ಬಾಚಣಿಗೆ.